ಹಿತ್ತಲಲ್ಲಿ ಅಮ್ಮನಿಗೆ ರೂಮು, ಬಚ್ಚಲುಮನೆ: ಪೈಪ್ ಲೈನ್ ಬಗ್ಗೆ ಸಲಹೆ ಬೇಕು

ನಿಟ್ಟುವಳ್ಳಿ ಮನೆ:
ಎಲ್ಲರಿಗೂ ನಮಸ್ಕಾರ. ದಾವಣಗೆರೆ ನಿಟ್ಟುವಳ್ಳಿಯಲ್ಲಿ ನಮ್ಮದು 30–50ರ ಸೈಟು. ಮನೆಯನ್ನು ಅಪ್ಪ 1994ರಲ್ಲಿ ಕಟ್ಟಿಸಿದ್ದು. ಹಿಂದೆ ಹಿತ್ತಲು ಖಾಲಿ ಇದೆ. ಅಲ್ಲಿ ಅಮ್ಮನಿಗೆ ಒಂದು ರೂಮು, ಅದಕ್ಕೆ ಸೇರಿದಂತೆ 8 ಅಡಿಗೆ 5 ಅಡಿಯ ಬಚ್ಚಲುಮನೆ ಕಟ್ಟಬೇಕು ಅಂತಿದ್ದೇವೆ. ಅಮ್ಮನಿಗೆ 71 ವರ್ಷ, ಮಂಡಿ ನೋವು ಜಾಸ್ತಿ. ಈಗಿರುವ ಕಕ್ಕಸು ಮನೆಯ ಮುಂಭಾಗದಲ್ಲಿದೆ, ಅದೂ ನೆಲದ ಮೇಲೆ ಕೂರುವಂಥದ್ದು. ರಾತ್ರಿ ಎದ್ದು ಹಾಲ್ ದಾಟಿ ಅಲ್ಲಿಗೆ ಹೋಗುವುದು ಅವರಿಗೆ ಕಷ್ಟ.

ಕಾರ್ಪೊರೇಷನ್ ಪರವಾನಗಿ ಆಗಿದೆ. ಸೆಟ್‌ಬ್ಯಾಕ್, ಅಂದರೆ ಸುತ್ತ ಬಿಡಬೇಕಾದ ಖಾಲಿ ಜಾಗ ಬಿಟ್ಟೇ ನಕ್ಷೆ ಮಾಡಿಸಿದ್ದೇವೆ. ಮುಂದಿನ ತಿಂಗಳು ಪಾಯ ತೆಗೆಯುತ್ತಾರೆ. ಗಾರೆ ಮೇಸ್ತ್ರಿ ಹೇಳುವುದು ಹೀಗೆ: "ಬಚ್ಚಲುಮನೆಯ ನೆಲವನ್ನು ಹಿತ್ತಲಿನ ಮಟ್ಟಕ್ಕೇ ಇಡೋಣ. ರೂಮಿನಿಂದ ಎರಡು ಮೆಟ್ಟಿಲು ಇಳಿದರೆ ಸಾಕು. ತುಂಬಿಸುವ ಖರ್ಚು ಉಳಿಯುತ್ತದೆ." ಪ್ಲಂಬರ್ ಆಮೇಲೆ ಬಂದು ಪೈಪ್ ಹಾಕುತ್ತಾನಂತೆ.

ನನಗೆ ಯಾಕೋ ಸಮಾಧಾನ ಇಲ್ಲ. ಪೈಪ್ ಹಾಕುವವರನ್ನು ಮೊದಲೇ ಕರೆಸಬೇಕಾ? ಎಲ್ಲಿಂದ ಶುರು ಮಾಡಬೇಕು? ಟೈಲ್ಸ್, ಕಮೋಡ್ ನೋಡಿಕೊಂಡು ಬಂದಿದ್ದೇವೆ, ಇನ್ನೂ ಕೊಂಡಿಲ್ಲ. ಈ ಕೆಲಸ ಮಾಡಿಸಿದವರು ದಯವಿಟ್ಟು ಹೇಳಿ.

ವಿದ್ಯಾನಗರ ಅಕ್ಕ:
ಮೊದಲು ಪ್ಲಂಬರ್‌ನನ್ನು ಕರೆಸಿ ತಮ್ಮಾ. ಪಾಯ ತೆಗೆಯುವ ಮೊದಲೇ. ನಾವು ಹಾಗೆ ಮಾಡದೆ ಎರಡು ಸಲ ನೆಲ ಒಡೆಸಿದೆವು. ನನ್ನ ಕಥೆ ಆಮೇಲೆ ಬರೆಯುತ್ತೇನೆ, ಈಗ ಮೊಮ್ಮಗ ಶಾಲೆಯಿಂದ ಬರುವ ಹೊತ್ತು.

ಪೈಪ್ ಕೆಲಸದವ:
ನಾನು ಈ ಕೆಲಸಕ್ಕೆ ಬಂದು 22 ವರ್ಷ ಆಯಿತು. ದಾವಣಗೆರೆ, ಹರಿಹರ ಕಡೆಯೇ ಜಾಸ್ತಿ ಮಾಡಿದ್ದು. ಟೈಲ್ಸ್ ಅಂಗಡಿಯಿಂದ ಶುರು ಮಾಡಬೇಡಿ ಸರ್. ನಲ್ಲಿಯಿಂದಲೂ ಬೇಡ. ನೀರು ಮನೆ ಬಿಟ್ಟು ಹೋಗುವ ಜಾಗದಿಂದ ಶುರು ಮಾಡಿ, ಅಲ್ಲಿಂದ ಹಿಂದೆ ಹಿಂದೆ ಬಚ್ಚಲಿಗೆ ಬನ್ನಿ. ನೀರು ತರುವ ಪೈಪನ್ನು ಎಲ್ಲಿ ಬೇಕಾದರೂ ಏರಿಸಬಹುದು, ಇಳಿಸಬಹುದು. ಹೊರಗೆ ಹೋಗುವ ಪೈಪ್ ಇಳಿಜಾರು ಇದ್ದರೆ ಮಾತ್ರ ಕೆಲಸ ಮಾಡುತ್ತದೆ.

ನಿಮ್ಮ ಮನೆ ಯುಜಿಡಿಗೆ, ಅಂದರೆ ಊರಿನ ಒಳಚರಂಡಿಗೆ ಸೇರಿದೆಯಾ, ಸೆಪ್ಟಿಕ್ ಟ್ಯಾಂಕಾ? ಗೇಟ್ ಹತ್ತಿರದ ಕೊನೆಯ ಚೇಂಬರ್, ಅಂದರೆ ಪೈಪುಗಳು ಬಂದು ಸೇರುವ ಗುಂಡಿಯ ಮುಚ್ಚಳ ತೆಗೆಸಿ, ಮೇಲಿನ ಅಂಚಿನಿಂದ ಪೈಪಿನ ತಳದವರೆಗೆ ಎಷ್ಟು ಇಂಚು ಇದೆ ಅಳೆಯಿರಿ. ಅಲ್ಲಿಂದ ಹೊಸ ಬಚ್ಚಲಿನವರೆಗೆ ಪೈಪ್ ಹೋಗುವ ದಾರಿ ಎಷ್ಟು ಅಡಿ? ಹಿತ್ತಲು ಗೇಟಿಗಿಂತ ತಗ್ಗಿದೆಯಾ, ಎತ್ತರ ಇದೆಯಾ? ಇದನ್ನು ಕಣ್ಣಳತೆಯಲ್ಲಿ ಹೇಳಬೇಡಿ. ಗಾರೆಯವರ ಹತ್ತಿರ ನೀರು ತುಂಬಿದ ಟ್ಯೂಬ್ ಇರುತ್ತದಲ್ಲ, ಅದರಲ್ಲೇ ನೋಡಿಸಿ. ಇನ್ನೊಂದು, ಹಳೇ ಮನೆಯ ಒಳ ನೆಲ ಹಿತ್ತಲಿಗಿಂತ ಎಷ್ಟು ಎತ್ತರ? ಇಷ್ಟು ಗೊತ್ತಾದರೆ ಅರ್ಧ ಪ್ಲ್ಯಾನ್ ಆದ ಹಾಗೆ.

ನಿಟ್ಟುವಳ್ಳಿ ಮನೆ:
ಭಾನುವಾರ ಕೂತು ಅಳೆದೆವು ಅಣ್ಣ. ಯುಜಿಡಿಗೆ ಸೇರಿದೆ. ಗೇಟಿನ ಒಳಗೆ ಒಂದು ಚೇಂಬರ್ ಇದೆ. ಮುಚ್ಚಳದಿಂದ ಪೈಪಿನ ತಳಕ್ಕೆ 22 ಇಂಚು. ಅಲ್ಲಿಂದ ಮನೆ ಪಕ್ಕದ ಓಣಿಯಲ್ಲಿ ಹಿಂದಕ್ಕೆ ಬಂದರೆ 48 ಅಡಿ. ಟ್ಯೂಬ್ ಹಿಡಿದು ನೋಡಿದರೆ ಹಿತ್ತಲು 4 ಇಂಚು ತಗ್ಗು. ಕಣ್ಣಿಗೆ ಮಟ್ಟಸವಾಗಿಯೇ ಕಾಣುತ್ತಿತ್ತು, ಆಶ್ಚರ್ಯ ಆಯಿತು. ಹಳೇ ಮನೆಯ ನೆಲ ಹಿತ್ತಲಿಗಿಂತ ಒಂದೂವರೆ ಅಡಿ ಎತ್ತರ.

ಪೈಪ್ ಕೆಲಸದವ:
ಒಳ್ಳೆಯ ಕೆಲಸ ಮಾಡಿದಿರಿ. ಈಗ ಲೆಕ್ಕ ನೋಡಿ. ಕಕ್ಕಸಿನ ಪೈಪ್ 110 ಎಂಎಂ, ನಾವು ನಾಲ್ಕಿಂಚಿನ ಪೈಪ್ ಅನ್ನುವುದು ಇದನ್ನೇ. ಇದಕ್ಕೆ ಹೊರಗಡೆ ಉದ್ದ ಲೈನಿನಲ್ಲಿ 60ಕ್ಕೆ 1ರಷ್ಟು ಇಳಿಜಾರು ಕೊಡುತ್ತೇವೆ. ಸುಲಭವಾಗಿ ಹೇಳಬೇಕೆಂದರೆ 10 ಅಡಿಗೆ 2 ಇಂಚು. ಜಾಗ ಇದ್ದರೆ 40ಕ್ಕೆ 1, ಅಂದರೆ 10 ಅಡಿಗೆ 3 ಇಂಚು.

ನಿಮ್ಮ 48 ಅಡಿಗೆ 10 ಅಡಿಗೆ 2 ಇಂಚಿನ ಲೆಕ್ಕದಲ್ಲಿ ಸುಮಾರು 10 ಇಂಚು ಬೇಕು. ಗೇಟಿನ ಚೇಂಬರ್ 22 ಇಂಚು ಆಳ. ಹಿತ್ತಲು 4 ಇಂಚು ತಗ್ಗಿರುವುದರಿಂದ ಅಲ್ಲಿ ನಿಮಗೆ ಸಿಗುವುದು 18 ಇಂಚು. ಅದರಲ್ಲಿ 10 ಕಳೆದರೆ 8. ಹೊಸ ಪೈಪು ಹಳೇ ಚೇಂಬರಿಗೆ ಬೀಳುವಾಗ ತಳಕ್ಕಿಂತ ಒಂದಿಂಚಾದರೂ ಮೇಲೆ ಬೀಳಬೇಕು, ಇಲ್ಲದಿದ್ದರೆ ಮುಂದಿನ ಕಕ್ಕಸಿನ ನೀರು ಇದರೊಳಗೆ ಹಿಮ್ಮೆಟ್ಟುತ್ತದೆ. ಹಾಗಾಗಿ ಉಳಿದದ್ದು 7 ಇಂಚು. ಅಂದರೆ ಹಿತ್ತಲಲ್ಲಿ ಪೈಪಿನ ತಳ ನೆಲದಿಂದ ಬರೀ 7 ಇಂಚು ಕೆಳಗೆ ಇರುತ್ತದೆ.

ಈಗ ಮೇಸ್ತ್ರಿ ಹೇಳಿದ ಹಾಗೆ ಬಚ್ಚಲಿನ ನೆಲವನ್ನು ಹಿತ್ತಲಿನ ಮಟ್ಟಕ್ಕೇ, ಹೆಚ್ಚೆಂದರೆ 2 ಇಂಚು ಮೇಲೆ ಇಟ್ಟರೆ ಏನಾಗುತ್ತದೆ? ನೆಲದಿಂದ ಪೈಪಿನ ತಳಕ್ಕೆ 9 ಇಂಚು. ಕಮೋಡಿನಿಂದ ಹಿತ್ತಲಿನ ಹೊಸ ಚೇಂಬರಿಗೆ 8 ಅಡಿ ಅಂದುಕೊಳ್ಳಿ, ಅದಕ್ಕೆ 10 ಅಡಿಗೆ 3 ಇಂಚಿನಂತೆ ಇನ್ನೊಂದು ಎರಡೂವರೆ ಇಂಚು ಹೋಯಿತು. ಉಳಿದದ್ದು ಆರೂವರೆ. ಪೈಪಿನ ದಪ್ಪವೇ ನಾಲ್ಕೂಕಾಲು ಇಂಚು. ಬೆಂಡ್ ಎಲ್ಲಿ ಕೂರಿಸುವುದು? ನೆಲದ ಜಾಲಿಯ ಕೆಳಗೆ ನೀರು ನಿಲ್ಲುವ ಬಟ್ಟಲು, ಅಂದರೆ ನಹಾನಿ ಟ್ರ್ಯಾಪ್ ಎಲ್ಲಿ ಕೂರಿಸುವುದು? ಟೈಲ್ಸ್ ಕೆಳಗಿನ ಗಾರೆ ಬೇರೆ. ಕೂರುವುದೇ ಇಲ್ಲ. ಆಗ ಆಮೇಲೆ ಬಂದ ಪ್ಲಂಬರ್ ಏನು ಮಾಡುತ್ತಾನೆ? ಇಳಿಜಾರು ಕದಿಯುತ್ತಾನೆ. 48 ಅಡಿಗೆ 3 ಇಂಚು ಕೊಟ್ಟು ಮಣ್ಣು ಮುಚ್ಚಿ ಹೋಗುತ್ತಾನೆ. ತಪ್ಪು ಅವನದಲ್ಲ, ಅವನಿಗೆ ಜಾಗವನ್ನೇ ಬಿಟ್ಟಿರುವುದಿಲ್ಲ. ಆರು ತಿಂಗಳಿಗೆ ಕಟ್ಟಿಕೊಳ್ಳಲು ಶುರು.

ಬಚ್ಚಲಿನ ನೆಲವನ್ನು ಮನೆಯ ನೆಲದ ಮಟ್ಟಕ್ಕೇ ಏರಿಸಿ. 18 ಇಂಚು ಮೇಲೆ ಹೋದರೆ ಕಮೋಡ್ ಹತ್ತಿರ ನಿಮಗೆ 22 ಇಂಚು ಜಾಗ ಸಿಗುತ್ತದೆ. ಟ್ರ್ಯಾಪು, ಬೆಂಡು, ಇಳಿಜಾರು ಎಲ್ಲ ಆರಾಮವಾಗಿ ಕೂರುತ್ತವೆ. ಅಮ್ಮನಿಗೆ ಮೆಟ್ಟಿಲೂ ಇರುವುದಿಲ್ಲ. ರೂಮಿಗಿಂತ ಬಚ್ಚಲು ಅರ್ಧ ಇಂಚು ತಗ್ಗಿದ್ದರೆ ಸಾಕು, ಆಮೇಲೆ ಜಾಲಿ ಕಡೆಗೆ ಟೈಲ್ಸನ್ನೇ ಓರೆ ಕೊಡಬೇಕು.

ಒಂದು ಎಚ್ಚರಿಕೆ. ಹಿತ್ತಲಿನ ತುದಿಯಲ್ಲಿ ಪೈಪಿನ ಮೇಲೆ ಮಣ್ಣು ಮೂರು ಇಂಚೂ ಇರುವುದಿಲ್ಲ. ಮೊದಲ 15 ಅಡಿಗೆ ಪೈಪಿನ ಸುತ್ತ ಕಾಂಕ್ರೀಟ್ ಹಾಕಿಸಿ. ಓಣಿಯಲ್ಲಿ ಬೈಕ್ ತಳ್ಳಿಕೊಂಡು ಹೋಗುತ್ತೀರಲ್ಲ.

ನಿಟ್ಟುವಳ್ಳಿ ಮನೆ:
ಅಣ್ಣ, ಇದನ್ನು ಓದಿ ಅಮ್ಮನಿಗೆ ಹೇಳಿದೆ. "ಮೆಟ್ಟಿಲು ಇಲ್ಲ ಅಂದರೆ ಅಷ್ಟೇ ಸಾಕಪ್ಪ" ಅಂದರು. ಮೇಸ್ತ್ರಿಗೂ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಮೊದಲು ಒಪ್ಪಲಿಲ್ಲ. ಆಮೇಲೆ ತಾನೇ ಟ್ಯೂಬ್ ಹಿಡಿದು ನೋಡಿ ಸರಿ ಅಂದರು. ಒಂದೂವರೆ ಅಡಿ ತುಂಬಿಸಲು ಪಾಯ ತೆಗೆದ ಮಣ್ಣೇ ಸಾಕು, ಹೊರಗಿಂದ ತರಿಸುವುದು ಬೇಡ ಅಂತಾರೆ. ಸರಿಯಾ?

ನಿವೃತ್ತ ಎಂಜಿನಿಯರ್:
ಬೇಡ. ಪಾಯದ ಮಣ್ಣು ಎರೆಮಣ್ಣಾಗಿದ್ದರೆ ಖಂಡಿತ ಬೇಡ. ದಾವಣಗೆರೆ ಸುತ್ತ ಹತ್ತಿ ಬೆಳೆದದ್ದು, ಹತ್ತಿ ಗಿರಣಿಗಳು ಬಂದದ್ದು ಈ ಕಪ್ಪು ಮಣ್ಣಿನಿಂದಲೇ. ಹೊಲಕ್ಕೆ ಅದು ಬಂಗಾರ, ಮನೆಗೆ ತೊಂದರೆ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೆಲ ಹಾಕಿದರೆ ವರ್ಷಕ್ಕೊಮ್ಮೆ ನೆಲ ಉಸಿರಾಡುತ್ತದೆ. ಟೈಲ್ಸ್ ಏಳುತ್ತದೆ, ಕೆಳಗಿನ ಪೈಪಿನ ಜಾಯಿಂಟ್ ಬಿಡುತ್ತದೆ.

ಗರಸು ತರಿಸಿ. ಆರಾರು ಇಂಚು ಹಾಕಿ, ನೀರು ಕೊಟ್ಟು, ದಮ್ಮಸ್ಸು ಮಾಡಿ, ಮತ್ತೆ ಆರು ಇಂಚು ಹಾಕಬೇಕು. ಒಂದೇ ಸಲ ಒಂದೂವರೆ ಅಡಿ ಸುರಿದು ಮೇಲೆ ತುಳಿದರೆ ಕೆಳಗೆ ಪೊಳ್ಳು ಉಳಿಯುತ್ತದೆ. ಅದು ನಿಧಾನವಾಗಿ ಕುಸಿಯುವಾಗ ಪೈಪು ನಡುವೆ ಜೋತು ಬೀಳುತ್ತದೆ. ಜೋತು ಬಿದ್ದ ಜಾಗದಲ್ಲಿ ನೀರು ನಿಲ್ಲುತ್ತದೆ, ಕಟ್ಟಿಕೊಳ್ಳುವುದು ಅಲ್ಲಿಂದಲೇ. ಪೂರ್ತಿ ತುಂಬಿಸಿ ಗಟ್ಟಿ ಮಾಡಿದ ಮೇಲೆ ಪೈಪಿಗೆ ಬೇಕಾದಷ್ಟು ಕಾಲುವೆ ತೆಗೆದು ಪೈಪ್ ಹಾಕಿಸಿ. ಉಲ್ಟಾ ಮಾಡಬೇಡಿ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಹಳೇ ಮನೆ 30 ವರ್ಷದಿಂದ ಕೂತು ಗಟ್ಟಿಯಾಗಿದೆ. ಹೊಸ ರೂಮು ಈಗ ಕೂರಲು ಶುರು ಮಾಡುತ್ತದೆ. ಎರಡೂ ಸೇರುವ ಜಾಗದಲ್ಲಿ ಕೂದಲೆಳೆಯಷ್ಟಾದರೂ ಬಿರುಕು ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಆ ಜಾಗದಲ್ಲಿ ಪೈಪನ್ನು ಗೋಡೆಗೆ ಸಿಮೆಂಟ್ ಹಾಕಿ ಬಿಗಿ ಮಾಡಬೇಡಿ. ಪೈಪು ಗೋಡೆ ಅಥವಾ ಪಾಯ ದಾಟುವ ಕಡೆ ಆರಿಂಚಿನ ಪೈಪ್ ತುಂಡು ಕೂರಿಸಿ, ಅದರೊಳಗಿಂದ ನಾಲ್ಕಿಂಚಿನ ಪೈಪ್ ತೂರಿಸಿ. ಸುತ್ತ ಉಳಿದ ಸಂದಿಗೆ ಮೆತ್ತಗಿನದೇನಾದರೂ ತುಂಬಿ. ಗೋಡೆ ಅರ್ಧ ಇಂಚು ಇಳಿದರೂ ಪೈಪಿಗೆ ಪೆಟ್ಟಾಗುವುದಿಲ್ಲ. ಓಣಿಯ ಲೈನಿಗೆ ರಬ್ಬರ್ ರಿಂಗ್ ಇರುವ ಪೈಪ್ ತೆಗೆದುಕೊಳ್ಳಿ, ಸೊಲ್ಯೂಷನ್ ಹಚ್ಚಿ ಅಂಟಿಸುವುದಲ್ಲ. ರಿಂಗ್ ಜಾಯಿಂಟ್ ಸ್ವಲ್ಪ ಅಲುಗಾಡಿದರೂ ತಡೆದುಕೊಳ್ಳುತ್ತದೆ. ಪೈಪಿನ ಕೆಳಗೆ ನಾಲ್ಕಿಂಚು ಮರಳು, ಎರಡು ಪಕ್ಕದಲ್ಲೂ ಮರಳು.

ಪೈಪ್ ಕೊಳ್ಳುವಾಗ ಮೇಲಿನ ಅಕ್ಷರ ಓದಿ. ಕಕ್ಕಸು, ಬಚ್ಚಲು, ಮಳೆ ನೀರು ಸಾಗಿಸುವ ಎಸ್‌ಡಬ್ಲ್ಯೂಆರ್ ಪೈಪಿನ ಮೇಲೆ ಐಎಸ್ 13592 ಎಂದು ಇರಬೇಕು. ಅದರಲ್ಲೂ ಟೈಪ್ ಎ, ಟೈಪ್ ಬಿ ಅಂತ ಎರಡಿವೆ. ಟೈಪ್ ಎ ಮಳೆ ನೀರಿಗೆ, ಗಾಳಿ ಪೈಪಿಗೆ. ಕಕ್ಕಸು, ಬಚ್ಚಲಿಗೆ ಟೈಪ್ ಬಿ, ಅದು ದಪ್ಪ. ಬೆಲೆ ಕಡಿಮೆ ಅಂತ ಎ ಹಾಕಿ ಮಣ್ಣಿನಲ್ಲಿ ಹೂತವರನ್ನು ನೋಡಿದ್ದೇನೆ.

ಕೋಟೆ ಬುಡದವ:
ನಮ್ಮದು ಚಿತ್ರದುರ್ಗ, ಜೋಗಿಮಟ್ಟಿ ರಸ್ತೆ ಕಡೆ. ನಿಮಗೆ ಮಣ್ಣಿನ ತೊಂದರೆ, ನಮಗೆ ಬಂಡೆಯದು. ಒಂದಡಿ ಅಗೆದರೆ ಕಲ್ಲು ಸಿಗುತ್ತದೆ. ಹೋದ ವರ್ಷ ಇದೇ ಥರ ಹಿಂದೆ ಬಚ್ಚಲು ಕಟ್ಟಿಸಿದೆವು. ಕಲ್ಲು ಒಡೆಸಲು ಹೋಗಲಿಲ್ಲ, ಪಕ್ಕದ ಮನೆಯ ಗೋಡೆ ಬಿರುಕು ಬಿಟ್ಟರೆ ಯಾರು ಹೊಣೆ?

ನಾವು ಮಾಡಿದ್ದು ಇಷ್ಟು. ನೆಲ ಎರಡಡಿ ಏರಿಸಿದೆವು. ಗೋಡೆಗೆ ತೂಗುವ ಕಮೋಡ್ ಹಾಕಿದೆವು. ಅದರ ಪೈಪು ನೆಲದೊಳಗೆ ಹೋಗದೆ ನೇರ ಹಿಂದಿನ ಗೋಡೆಯಿಂದ ಹೊರಗೆ ಬರುತ್ತದೆ. ಹೊರಗೆ ಕಾಂಪೌಂಡ್ ಗೋಡೆಗೆ ಕ್ಲ್ಯಾಂಪ್ ಹೊಡೆದು ಇಳಿಜಾರಾಗಿ ತಂದೆವು. ಎಲ್ಲಿ ಸೋರಿದರೂ ಕಣ್ಣಿಗೆ ಕಾಣುತ್ತದೆ, ಅದೊಂದು ನೆಮ್ಮದಿ. ಬಿಸಿಲಿಗೆ ಪ್ಲಾಸ್ಟಿಕ್ ಪೈಪು ವರ್ಷ ಕಳೆದಂತೆ ಪೆಡಸಾಗುತ್ತದೆ ಎಂದು ಮೇಲೆ ಬಣ್ಣ ಹೊಡೆಸಿದ್ದೇವೆ.

ಮಟ್ಟದ ಮಾತು ಬಂದಿದ್ದಕ್ಕೆ ಒಂದು ಮಾತು. ನಮ್ಮ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಪಂಪ್ ಇಲ್ಲ, ಪೈಪ್ ಇಲ್ಲ, ಬರೀ ಇಳಿಜಾರು. ಚಿಕ್ಕಂದಿನಿಂದ ನೋಡಿಕೊಂಡು ಬಂದಿದ್ದೆ. ನಮ್ಮ ಬಚ್ಚಲು ಕಟ್ಟಿಸಿದ ಮೇಲೆ ಹೋಗಿ ನೋಡಿದಾಗ, ಆ ಕಾಲದಲ್ಲಿ ಕಲ್ಲಿನ ಮೇಲೆ ಹೇಗೆ ಮಟ್ಟ ಹಿಡಿದರೋ ಅಂತ ತುಂಬಾ ಹೊತ್ತು ನಿಂತು ನೋಡಿದೆ.

ವಿದ್ಯಾನಗರ ಅಕ್ಕ:
ಈಗ ನನ್ನ ಕಥೆ. 2019ರಲ್ಲಿ ಮೇಲೆ ಒಂದು ರೂಮು, ಬಚ್ಚಲು ಕಟ್ಟಿಸಿದೆವು. ಕಮೋಡ್ ಇನ್ನೂ ಕೊಂಡಿರಲಿಲ್ಲ. "ಎಲ್ಲ ಕಮೋಡಿಗೂ ಒಂಬತ್ತಿಂಚು ಅಕ್ಕ" ಅಂತ ಕೆಲಸದವರು ಗೋಡೆಯಿಂದ ಒಂಬತ್ತಿಂಚಿಗೆ ಪೈಪ್ ಬಿಟ್ಟರು. ಆದರೆ ಅಳೆದದ್ದು ಇಟ್ಟಿಗೆ ಗೋಡೆಯಿಂದ. ಅದರ ಮೇಲೆ ಪ್ಲಾಸ್ಟರ್ ಬಂತು, ಟೈಲ್ಸ್ ಬಂತು. ಒಂದೂವರೆ ಇಂಚು ಅಲ್ಲೇ ಹೋಯಿತು. ಕಮೋಡ್ ತಂದು ಕೂರಿಸಿದರೆ ಹಿಂದಿನ ಟ್ಯಾಂಕು ಗೋಡೆಗೆ ತಾಗಿ ಕೂರಲೇ ಇಲ್ಲ. ಹೊಸ ಟೈಲ್ಸ್ ಒಡೆದೆವು.

ಅಂಗಡಿಯಲ್ಲಿ ಒಂಬತ್ತಿಂಚಿನದೂ ಇದೆ, ಹನ್ನೆರಡಿಂಚಿನದೂ ಇದೆ. ಪೈಪು ಗೋಡೆಯ ಕಡೆಗೆ ಹೋಗುವ ಪಿ ಟ್ರ್ಯಾಪ್ ಬೇರೆ. ಹಾಗಾಗಿ ಕಮೋಡನ್ನು ಮೊದಲೇ ಕೊಂಡು ಮನೆಗೆ ತಂದಿಡಿ. ಅಳತೆಯನ್ನು ಟೈಲ್ಸ್ ಹಾಕಿದ ಮೇಲಿನ ಗೋಡೆಯಿಂದ ಲೆಕ್ಕ ಹಾಕಿಸಿ.

ಎರಡನೇ ಸಲ ಒಡೆದದ್ದು ಸೋರಿದ್ದಕ್ಕೆ. ಪೈಪ್ ಕೂರಲು ತಗ್ಗಿಸಿದ ಸ್ಲ್ಯಾಬಿಗೆ ವಾಟರ್ ಪ್ರೂಫಿಂಗ್ ಮಾಡಿ ನೀರು ನಿಲ್ಲಿಸಿ ನೋಡದೆಯೇ ಟೈಲ್ಸ್ ಹಾಕಿದರು. ಹಬ್ಬದ ಅವಸರ ಇತ್ತು, ನಾವೇ ಬೇಗ ಮುಗಿಸಿ ಅಂದಿದ್ದೆವು. ಕೆಳಗಿನ ಅಡುಗೆಮನೆಯ ಮೂಲೆಯಲ್ಲಿ ತೇವ ಶುರುವಾಯಿತು. ನಿಮ್ಮದು ನೆಲದ ಮೇಲಿನ ಬಚ್ಚಲು, ಕೆಳಗೆ ಯಾರೂ ಇಲ್ಲ ನಿಜ. ಆದರೂ ಎರಡು ದಿನ ನೀರು ನಿಲ್ಲಿಸಿ ನೋಡಿ. ನೀರು ಪಾಯಕ್ಕೆ ಇಳಿದರೆ ಅದೇ ಎರೆಮಣ್ಣು ಉಬ್ಬುತ್ತದೆ ಅಲ್ವಾ?

ನಿವೃತ್ತ ಎಂಜಿನಿಯರ್:
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಎರೆಮಣ್ಣಿನಲ್ಲಿ ಒಂದು ಕಡೆ ಮಾತ್ರ ತೇವ ಆಗುವುದು ಎಲ್ಲಕ್ಕಿಂತ ಕೆಟ್ಟದ್ದು. ಆ ಕಡೆ ಮಾತ್ರ ಮೇಲೆದ್ದು ಗೋಡೆ ಓರೆ ಸೀಳುತ್ತದೆ.

ಹರಿಹರದಿಂದ:
ನಮ್ಮ ಮನೆಯ ಹಿಂದಿನ ಬಚ್ಚಲಿನಲ್ಲಿ ಯಾವಾಗಲೂ ಚರಂಡಿ ವಾಸನೆ. ಫಿನಾಯಿಲ್ ಹಾಕಿ ಹಾಕಿ ಸಾಕಾಯಿತು. ಹೊಸದು ಕಟ್ಟುವಾಗ ಇದನ್ನು ತಪ್ಪಿಸಲು ಏನು ಮಾಡಬೇಕು? ನಾವೂ ಮುಂದಿನ ವರ್ಷ ಕಟ್ಟಿಸಬೇಕು.

ಪೈಪ್ ಕೆಲಸದವ:
ವಾಸನೆಯನ್ನು ತಡೆಯುವುದು ಟ್ರ್ಯಾಪಿನಲ್ಲಿ ನಿಂತಿರುವ ನೀರು. ಬರೀ ಎರಡು ಇಂಚು ನೀರು. ಅದು ಇದ್ದರೆ ಗ್ಯಾಸ್ ಒಳಗೆ ಬರುವುದಿಲ್ಲ, ಹೋದರೆ ಬರುತ್ತದೆ. ಯಾಕೆ ಹೋಗುತ್ತದೆ? ಬಚ್ಚಲನ್ನು ಒಂದು ತಿಂಗಳು ಬಳಸದಿದ್ದರೆ ಬಿಸಿಲ ಕಾಲದಲ್ಲಿ ಒಣಗಿ ಹೋಗುತ್ತದೆ. ಅದಕ್ಕೆ ಒಂದು ಚೊಂಬು ನೀರು ಸುರಿದರೆ ಸಾಕು. ಇನ್ನೊಂದು ಕಾರಣ ಎಳೆತ. ಕಮೋಡ್ ಫ್ಲಶ್ ಮಾಡಿದಾಗ ಒಂದು ಟ್ಯಾಂಕು ನೀರು ಒಮ್ಮೆಗೇ ಪೈಪಿನಲ್ಲಿ ಓಡುತ್ತದೆ. ಹಿಂದಿನಿಂದ ಗಾಳಿ ಬರಲು ದಾರಿ ಇಲ್ಲದಿದ್ದರೆ ನಹಾನಿ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಫ್ಲಶ್ ಮಾಡಿದಾಗ ಜಾಲಿಯಲ್ಲಿ ಗುಳುಗುಳು ಸದ್ದು ಬರುತ್ತದಾ ಕೇಳಿಸಿಕೊಳ್ಳಿ. ಬಂದರೆ ಇದೇ ಕಾರಣ.

ಅದಕ್ಕೆ ಗಾಳಿ ಪೈಪು ಬೇಕು. ಲೈನಿನ ಹಿಂದಿನ ತುದಿಯಲ್ಲಿ ಒಂದು ಟೀ ಬಿಟ್ಟು, 75 ಎಂಎಂ ಪೈಪನ್ನು ತಾರಸಿಯ ಮೇಲೆ ಆಳುದ್ದ ಏರಿಸಿ ತುದಿಗೆ ಕೌಲ್, ಅಂದರೆ ತೂತಿರುವ ಟೋಪಿ ಹಾಕಬೇಕು. ಕಿಟಕಿಯಿಂದ ದೂರ ಇರಲಿ. ಖರ್ಚು ಉಳಿಸಲು ಜನ ಮೊದಲು ಬಿಡುವುದು ಇದನ್ನೇ. ನನಗೆ ಬೇಜಾರಾಗುವುದೂ ಇದಕ್ಕೇ. ಎರಡು ಪೈಪು, ಒಂದು ಟೀ, ಅಷ್ಟೇ ಅಲ್ವಾ?

ಇನ್ನೂ ಒಂದು ಮಾತು. ಸ್ನಾನದ ನೀರಿನ ಪೈಪನ್ನು ಕಕ್ಕಸಿನ ಪೈಪಿಗೆ ಒಳಗೇ ಸೇರಿಸಬೇಡಿ. ಸ್ನಾನದ್ದು, ವಾಶ್ ಬೇಸಿನ್‌ದು ಹೊರಗೆ ಗಲ್ಲಿ ಟ್ರ್ಯಾಪಿಗೆ, ಅಂದರೆ ಜಾಲಿ ಮುಚ್ಚಿದ ಸಣ್ಣ ಗುಂಡಿಗೆ ಬೀಳಲಿ, ಅಲ್ಲಿಂದ ಚೇಂಬರಿಗೆ. ಕಕ್ಕಸಿನದು ನೇರ ಚೇಂಬರಿಗೆ. ಕೂದಲು, ಸೋಪಿನ ಗಸಿ ಎಲ್ಲ ಗಲ್ಲಿ ಟ್ರ್ಯಾಪಿನಲ್ಲಿ ನಿಲ್ಲುತ್ತದೆ. ಕೈ ಹಾಕಿ ತೆಗೆಯಬಹುದು.

ನಿಟ್ಟುವಳ್ಳಿ ಮನೆ:
ಅಮ್ಮ ಒಂದು ಕೇಳುತ್ತಿದ್ದಾರೆ. ಹಳ್ಳಿಯಲ್ಲಿ ಬಚ್ಚಲ ನೀರು ಬಾಳೆ ಗಿಡಕ್ಕೆ ಹೋಗುತ್ತಿತ್ತಲ್ಲ, ಇಲ್ಲೂ ಹಾಗೆ ಬಿಡಬಹುದಾ ಅಂತ. ಹಿತ್ತಲಿನ ಮೂಲೆಯಲ್ಲಿ ಎರಡು ಬಾಳೆ, ಒಂದು ಕರಿಬೇವು ಉಳಿಯುತ್ತವೆ.

ನಿವೃತ್ತ ಎಂಜಿನಿಯರ್:
ಸ್ನಾನದ ನೀರನ್ನು ಬಿಡಬಹುದು, ಕಕ್ಕಸಿನದು ಬೇಡ. ಆದರೆ ಬಾಳೆ ಬುಡ ಪಾಯದಿಂದ ಕನಿಷ್ಠ 10 ಅಡಿ ದೂರ ಇರಬೇಕು. ಹತ್ತಿರ ಇದ್ದರೆ ಗೋಡೆ ಬುಡದಲ್ಲಿ ವರ್ಷವಿಡೀ ತೇವ ನಿಲ್ಲುತ್ತದೆ. ನಿಮ್ಮ ಹಿತ್ತಲಲ್ಲಿ ಅಷ್ಟು ಜಾಗ ಉಳಿಯುವಂತೆ ಕಾಣುವುದಿಲ್ಲ. ಅಮ್ಮನವರಿಗೆ ನನ್ನ ಪರವಾಗಿ ಕ್ಷಮೆ ಕೇಳಿ. ಅಕ್ಕಿ ತೊಳೆದ ನೀರನ್ನು ಬಕೆಟ್‌ನಲ್ಲಿ ತಂದು ಗಿಡಕ್ಕೆ ಹಾಕಲು ಅಡ್ಡಿ ಇಲ್ಲ.

ಎಂಸಿಸಿ ಬಿ ಬ್ಲಾಕ್:
ಹೋಗುವ ನೀರಿನ ಮಾತಾಯಿತು, ಬರುವ ನೀರಿನ ಬಗ್ಗೆ ಹೇಳುತ್ತೇನೆ. ನಮ್ಮ ದಾವಣಗೆರೆಗೆ ನಲ್ಲಿ ನೀರು ರಾಜನಹಳ್ಳಿ ಹತ್ತಿರ ತುಂಗಭದ್ರೆಯಿಂದ ಬರುತ್ತದೆ. ಭದ್ರಾ ನಾಲೆಯ ನೀರು ತುಂಬುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಯಿಂದಲೂ ಬರುತ್ತದೆ. ಅದು ಮೆದು ನೀರು. ಬೋರಿನ ನೀರು ಗಡಸು. ನಮ್ಮ ಮನೆಯಲ್ಲಿ ಗೀಸರಿಗೆ ಬೋರ್ ನೀರು ಕೊಟ್ಟು ಮೂರೇ ವರ್ಷಕ್ಕೆ ಕಾಯಿಲ್ ಮೇಲೆ ಸುಣ್ಣದ ಕಲ್ಲು ಕಟ್ಟಿತು. ಗಡಸು ನೀರು ಬಿಸಿಯಾದಾಗಲೇ ಸುಣ್ಣ ಬಿಡುವುದು, ತಣ್ಣೀರಿನ ಪೈಪಿನಲ್ಲಿ ಅಷ್ಟಾಗಿ ಆಗುವುದಿಲ್ಲ. ಹಾಗಾಗಿ ಎರಡು ಟ್ಯಾಂಕ್ ಇದ್ದರೆ ಗೀಸರು, ಶವರು, ಬೇಸಿನ್ನಿಗೆ ನಲ್ಲಿ ನೀರು, ಫ್ಲಶ್ ಟ್ಯಾಂಕಿಗೆ ಬೋರ್ ನೀರು ಬರುವ ಹಾಗೆ ಈಗಲೇ ಎರಡು ಲೈನ್ ಎಳೆಸಿ. ಗೋಡೆ ಮುಚ್ಚಿದ ಮೇಲೆ ಆಗುವುದಿಲ್ಲ.

ಮತ್ತೆ ಆ ಅಗಲದ ಮಳೆ ಶವರ್ ನೋಡಿಕೊಂಡು ಬಂದಿದ್ದರೆ ಸ್ವಲ್ಪ ತಡೆಯಿರಿ. ನೀರಿನ ರಭಸ ಬರುವುದು ಟ್ಯಾಂಕಿನ ಎತ್ತರದಿಂದ. ಒಂದು ಮೀಟರ್ ಎತ್ತರಕ್ಕೆ 0.1 ಬಾರ್ ಲೆಕ್ಕ (ಬಾರ್ ಅಂದರೆ ಒತ್ತಡದ ಅಳತೆ). ಒಂದೇ ಅಂತಸ್ತಿನ ಮನೆ, ತಾರಸಿ 10 ಅಡಿ, ಟ್ಯಾಂಕಿನ ಕಟ್ಟೆ 4 ಅಡಿ, ಶವರ್ 7 ಅಡಿ ಎತ್ತರದಲ್ಲಿ ಅಂದರೆ ಉಳಿಯುವುದು 7 ಅಡಿ, ಸುಮಾರು 0.2 ಬಾರ್. ದೊಡ್ಡ ಶವರಿಗೆ ಅದು ಸಾಲುವುದಿಲ್ಲ, ಹನಿ ಹನಿ ಬೀಳುತ್ತದೆ. ನಾನು ಕೊಂಡು ತಂದು ಆಮೇಲೆ ಬಿಚ್ಚಿಸಿದೆ. ಅಮ್ಮನವರಿಗೆ ಕೈಯಲ್ಲಿ ಹಿಡಿಯುವ ಸಣ್ಣ ಶವರು, ಒಂದು ಬಕೆಟ್ ನಲ್ಲಿ, ಇವೆರಡೇ ಒಳ್ಳೆಯದು.

ಪೈಪ್ ಕೆಲಸದವ:
ಹೌದು. ಟ್ಯಾಂಕಿನಿಂದ ಇಳಿಯುವ ಪೈಪನ್ನು ಒಂದೂಕಾಲು ಇಂಚು ಇಡಿ, ಬಚ್ಚಲಿಗೆ ಬರುವವರೆಗೆ ಒಂದಿಂಚು, ಕೊನೆಯ ನಲ್ಲಿಗೆ ಮಾತ್ರ ಅರ್ಧ ಇಂಚು. ಟ್ಯಾಂಕಿನಿಂದಲೇ ಅರ್ಧ ಇಂಚು ಎಳೆದು ತಂದರೆ ಇದ್ದ ರಭಸವೂ ಹೋಗುತ್ತದೆ.

ಬಿಸಿ ನೀರು ಎಲ್ಲಿಂದ ಕೊಡುತ್ತೀರಿ? ಮುಂದಿನ ತಾರಸಿಯ ಸೋಲಾರಿನಿಂದಾ?

ನಿಟ್ಟುವಳ್ಳಿ ಮನೆ:
ಹಾಗೇ ಅಂದುಕೊಂಡಿದ್ದೆವು. ಸೋಲಾರಿನಿಂದ ಹೊಸ ಬಚ್ಚಲಿಗೆ ಪೈಪ್ ದಾರಿ 20 ಮೀಟರ್ ಆಗಬಹುದು.

ಪೈಪ್ ಕೆಲಸದವ:
ಮುಕ್ಕಾಲು ಇಂಚಿನ ಸಿಪಿವಿಸಿ, ಅಂದರೆ ಬಿಸಿ ನೀರು ತಡೆಯುವ ಪ್ಲಾಸ್ಟಿಕ್ ಪೈಪಿನಲ್ಲಿ ಒಂದು ಮೀಟರಿಗೆ ಕಾಲು ಲೀಟರ್ ನೀರು ಹಿಡಿಯುತ್ತದೆ. 20 ಮೀಟರಿಗೆ 5 ಲೀಟರ್. ಅಮ್ಮ ನಲ್ಲಿ ತಿರುಗಿಸಿದಾಗಲೆಲ್ಲ ಮೊದಲು 5 ಲೀಟರ್ ತಣ್ಣೀರು ಬರುತ್ತದೆ. ಒಂದು ಬಕೆಟ್ ಸ್ನಾನಕ್ಕೆ ಅದು ಜಾಸ್ತಿ. ಚಳಿಗಾಲದಲ್ಲಿ ದಾರಿಯಲ್ಲೇ ಇನ್ನಷ್ಟು ತಣಿಯುತ್ತದೆ. ಬಚ್ಚಲಿನ ಒಳಗೇ 15 ಲೀಟರಿನ ಗೀಸರ್ ಇಡಿ. 2 ಕಿಲೋವ್ಯಾಟಿನದಾದರೆ ಸುಮಾರು 20 ನಿಮಿಷಕ್ಕೆ ಕಾಯುತ್ತದೆ. ಅದಕ್ಕೆ ದಪ್ಪ ವೈರು, 16 ಆಂಪಿಯರ್ ಸಾಕೆಟ್ಟು, ಅರ್ತಿಂಗ್ ಎಲೆಕ್ಟ್ರಿಷಿಯನ್‌ಗೆ ಈಗಲೇ ಹೇಳಿ. ಗೀಸರಿನ ಬಾಯಿಗೆ ಸಿಪಿವಿಸಿ ನೇರ ಹಾಕಬೇಡಿ, ನಡುವೆ ಲೋಹದ ಹೆಣೆದ ಮೆದು ಪೈಪ್ ಬರಲಿ. ಅದರ ಜೊತೆ ಕೊಡುವ ಸೇಫ್ಟಿ ವಾಲ್ವ್ ಬಿಸಾಡಬೇಡಿ. ಕೆಲವರು ತೊಟ್ಟಿಕ್ಕುತ್ತದೆ ಅಂತ ಅದನ್ನು ಮುಚ್ಚಿಬಿಡುತ್ತಾರೆ. ಅಪಾಯ ಅದು.

ವಿದ್ಯಾನಗರ ಅಕ್ಕ:
ಅಮ್ಮನಿಗೆ ಹಿಡಿದುಕೊಳ್ಳುವ ಕಂಬಿ ಮರೆಯಬೇಡಿ. ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು. ಕಂಬಿ ಬರುವ ಜಾಗದಲ್ಲಿ ಗೋಡೆಯೊಳಗೆ ಪೈಪ್ ಹೋಗಬಾರದು. ನಮ್ಮಲ್ಲಿ ಕಂಬಿಗೆ ಡ್ರಿಲ್ ಹಾಕಿದಾಗ ನೀರು ಚಿಮ್ಮಿತು. ಬಾಗಿಲು ಹೊರಗೆ ತೆರೆಯುವ ಹಾಗೆ ಇಡಿಸಿ, ಒಳಗೆ ಬಿದ್ದರೆ ತೆಗೆಯಲು ಆಗಬೇಕು.

ನಿಟ್ಟುವಳ್ಳಿ ಮನೆ:
ಅಕ್ಕ, ಈ ಕಂಬಿಯ ಮಾತು ನಮಗೆ ಹೊಳೆದೇ ಇರಲಿಲ್ಲ. ತುಂಬಾ ಉಪಕಾರ ಆಯಿತು.

ಏಳು ವಾರ ಆಯಿತು, ಎಲ್ಲರಿಗೂ ಸುದ್ದಿ ಹೇಳಬೇಕು. ಪಾಯ, ಗೋಡೆ ಆಯಿತು. ಗರಸು ಮೂರು ಪದರ ಹಾಕಿ ದಮ್ಮಸ್ಸು ಮಾಡಿದರು. ಪೈಪ್ ಹಾಕಿದವರು ಪ್ರತಿ 10 ಅಡಿಗೆ ಗೂಟ ಹೊಡೆದು, ದಾರ ಕಟ್ಟಿ, ಟ್ಯೂಬ್ ಹಿಡಿದು ಇಳಿಜಾರು ನೋಡಿದರು. ಓಣಿಗೆ ತಿರುಗುವ ಮೂಲೆಯಲ್ಲಿ ಒಂದು ಚೇಂಬರ್ ಕಟ್ಟಿದ್ದಾರೆ. ನಾನು ರಜೆ ಹಾಕಿ ಎರಡು ದಿನ ಜೊತೆಗೇ ಇದ್ದೆ.

ಮಣ್ಣು ಮುಚ್ಚುವ ಮೊದಲು ಕೆಳಗಿನ ತುದಿಗೆ ಬಿರಡೆ ಹಾಕಿ ಇಡೀ ಲೈನಿಗೆ ನೀರು ತುಂಬಿಸಿದೆವು. ಹಿಂದಿನ ಚೇಂಬರಿನಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಮೂರು ಇಂಚು ಇಳಿದಿತ್ತು! ಹುಡುಕಿದರೆ ಒಂದು ಜಾಯಿಂಟಿನಲ್ಲಿ ರಬ್ಬರ್ ರಿಂಗ್ ಮಡಚಿಕೊಂಡಿತ್ತು. ಅದನ್ನು ಬಿಚ್ಚಿ ಸೋಪಿನ ನೀರು ಹಚ್ಚಿ ಮತ್ತೆ ಕೂರಿಸಿದರು. ಮರುದಿನ ಗುರುತು ಅಲ್ಲೇ ಇತ್ತು.

ಗೋಡೆಯೊಳಗಿನ ಪೈಪಿಗೆ ಕೈ ಪಂಪಿನಲ್ಲಿ ಪ್ರೆಷರ್ ಹಾಕಿ ಎರಡು ಗಂಟೆ ಬಿಟ್ಟರು, ಮುಳ್ಳು ಕದಲಲಿಲ್ಲ. ಪ್ಲಾಸ್ಟರ್ ಮಾಡುವ ಮೊದಲು ನಾಲ್ಕೂ ಗೋಡೆಗೆ ಟೇಪ್ ಹಿಡಿದು ಫೋಟೊ ತೆಗೆದಿಟ್ಟಿದ್ದೇನೆ.

ಈಗ ಟೈಲ್ಸಿನವರು ಕೇಳುತ್ತಿದ್ದಾರೆ: ಹಿಂದಿನ ಚೇಂಬರ್ ಮುಚ್ಚಳ ಅಮ್ಮನ ರೂಮಿನ ಕಿಟಕಿ ಕೆಳಗೆ ಬರುತ್ತದೆ, ಚೆನ್ನಾಗಿ ಕಾಣುವುದಿಲ್ಲ, ಮೇಲೆ ಟೈಲ್ಸ್ ಹಾಸಿ ಮುಚ್ಚಿಬಿಡಲಾ ಅಂತ.

ಪೈಪ್ ಕೆಲಸದವ:
ಮುಚ್ಚಿಸಬೇಡಿ ಸರ್. ಎರಡು ಕಡೆ ಹಿಡಿ ಇರುವ ಮುಚ್ಚಳ ಸಿಗುತ್ತದೆ, ಅದರ ತಟ್ಟೆಯೊಳಗೆ ನಿಮ್ಮ ನೆಲದ ಟೈಲ್ಸನ್ನೇ ಕೂರಿಸಬಹುದು. ಅಂಚಿಗೆ ಸಿಮೆಂಟ್ ಬೇಡ, ಗ್ರೀಸ್ ಹಚ್ಚಿಸಿ. ವಾಸನೆ ಬರುವುದಿಲ್ಲ, ಬೇಕಾದಾಗ ಎತ್ತಬಹುದು.

ನಿಟ್ಟುವಳ್ಳಿ ಮನೆ:
ಸರಿ ಅಣ್ಣ, ನಾಳೆ ಅಂಗಡಿಗೆ ಹೋಗಿ ತರುತ್ತೇನೆ. ಮುಚ್ಚಳ 18 ಇಂಚಿನದು ಸಾಕಲ್ವಾ?

ಪೈಪ್ ಕೆಲಸದವ:
ಚೇಂಬರಿನ ಒಳ ಅಳತೆ ನೋಡಿಕೊಂಡು ಹೋಗಿ. ನೀವೇ ಅಳೆಯಿರಿ.